ದೀಪದವಳ ಎರಡನೇ ಆಟ

ಪ್ರಕಾಶನ ಹನ್ನೊಂದರ ದಿನ ಕಾಗೆ ಅನ್ನ ಮುಟ್ಟಲಿಲ್ಲ.

ಅಂಕೋಲೆಯ ಕೇಣಿಯಲ್ಲಿ, ಅವನು ಹುಟ್ಟಿದ ಮನೆಯ ಹಿಂದೆ, ಕಡಲಿಗೆ ಮುಖ ಮಾಡಿ ಬಾಳೆಲೆ ಹಾಸಿ ಅನ್ನದ ಉಂಡೆ ಇಟ್ಟಿದ್ದರು. ಹೆದ್ದಾರಿಯ ಮೇಲೆ ಗುಡ್ಡ ಜರಿದು ಜನ ಸತ್ತಿದ್ದ ಮಳೆಗಾಲ ಅದು. ಅವತ್ತು ಮಳೆ ಸ್ವಲ್ಪ ಹೊತ್ತು ನಿಂತು ಹೊಳವಾಗಿತ್ತು. ಮೀನು ಒಣಗಿಸುವ ಊರಿನಲ್ಲಿ ಕಾಗೆಗೆ ಏನು ಬರ? ಒಂದು ಕಾಗೆ ತೆಂಗಿನ ಗರಿಯ ಮೇಲೆ ಕುಳಿತು ಎಲೆಯನ್ನು ಒಂದು ಕಣ್ಣಿನಿಂದ ನೋಡಿತು. ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಇಳಿಯಲಿಲ್ಲ.

ಕಾಗೆ ಮುಟ್ಟದಿದ್ದರೆ ಸತ್ತವನಿಗೆ ಆಸೆ ಉಳಿದಿದೆ ಎಂದು ಅರ್ಥ. ಯಾವ ಆಸೆ ಎಂದು ಬದುಕಿದವರು ಹುಡುಕಿ ಹೇಳಬೇಕು. ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಮಾತು ಸರಿಯಾದರೆ ಕಾಗೆ ಇಳಿಯುತ್ತದೆ.

ಮೊದಲು ತಮ್ಮ ಸಂಕೇತ ತಾಯಿಯ ಪಕ್ಕ ನಿಂತು ಕೈ ಮುಗಿದ. "ಅಣ್ಣಾ, ಆಯೀನ ನಾ ನೋಡ್ಕಂತೆ."

ಕಾಗೆ ಕದಲಲಿಲ್ಲ.

ಸಂಕೇತ ಅತ್ತಿಗೆಯ ಕಡೆ ನೋಡಿದ. "ವೈನಿನ ಕೈ ಬಿಡೂದಿಲ್ಲ. ದೀಕ್ಷಾನ ಕಲಿಸ್ತೆ."

ಕಾಗೆ ರೆಕ್ಕೆಯ ಸಂದಿ ಕೆದಕಿಕೊಂಡಿತು.

ಪ್ರಕಾಶನ ತಾಯಿ ನಾಗು ಎದ್ದು ನಿಂತು ಬೈದೇ ಬಿಟ್ಟಳು. "ಎಂತಾ ಬೇಕೋ ನಿಂಗೆ? ಬದ್ಕಿದ್ದಾಗೂ ಬಾಯಿ ಬಿಟ್ಟು ಕೇಳ್ಲಿಲ್ಲ. ಈಗೂ ಕೇಳೂದಿಲ್ಲ. ಬೇಸಾಯ ಮಾಡೂದಾ? ಮನಿ ಕಟ್ಟೂದಾ? ಹೇಳು ಮಾರಾಯಾ, ಮಳೆ ಬತ್ತದೆ!"

ಹೆಂಡತಿ ಮಂದಾಕಿನಿ ಗಾಳಿಗೆ ಏಳುತ್ತಿದ್ದ ಬಾಳೆಲೆಯ ತುದಿಗೆ ಕಲ್ಲು ಇಟ್ಟಳು. ಆಗ ಮಗಳು ದೀಕ್ಷಾ ಮುಂದೆ ಬಂದಳು. ಕಾರವಾರದ ಕಾಲೇಜಿನಲ್ಲಿ ಮೊದಲ ಪಿಯುಸಿ ಓದುತ್ತಿದ್ದ ಹುಡುಗಿ. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಪ್ಪಾ, ದೀಪದವಳ ಎರಡನೇ ಆಟ ಬಂದಕೂಡ್ಲೇ ನಾನು ಆಡಿ ಮುಗಿಸ್ತೆ. ನಿಂಗಾಗಿ ಮುಗಿಸ್ತೆ."

ಕಾಗೆ ಕಲ್ಲು ಬಿದ್ದ ಹಾಗೆ ಇಳಿಯಿತು. ಉಂಡೆಯನ್ನು ಒಡೆದು ತಿಂದಿತು.

ಅಳುತ್ತಿದ್ದವರೇ ಫಕ್ಕನೆ ನಕ್ಕರು. "ಗೇಮಿನ ಹುಚ್ಚು ಸತ್ಮೇಲೂ ಬಿಡ್ಲಿಲ್ಲ ನೋಡು" ಎಂದು ಯಾರೋ ಅಂದರು. ನಾಗು ನಗಲಿಲ್ಲ. ಮೊಮ್ಮಗಳ ರಟ್ಟೆ ಹಿಡಿದು ಕೇಳಿದಳು.

"ಆ ಆಟ ಯಾವಾಗ ಬತ್ತದೆ?"

"ಡಿಸೆಂಬರಿಗೆ, ಅಜ್ಜಿ."

"ಹಾಗಾದ್ರೆ ಅಡ್ಡಿಲ್ಲ. ಕಾಗೆ ಮುಟ್ಟಿದ ಮಾತು ವರ್ಷಾಂತಿಕದ ಒಳಗೆ ತೀರ್ಬೇಕು. ತೀರೂವರೆಗೆ ಅಂವ ಮಾತು ಕೊಟ್ಟವರ ಬೆನ್ನ ಹಿಂದೆ ನಡೀತಾ."

"ತೀರದಿದ್ರೆ?" ಎಂದು ಮಂದಾಕಿನಿ ಕೇಳಿದಳು. ಆ ದಿನ ಅವಳು ಆಡಿದ ಮೊದಲ ಮಾತು ಅದು.

ನಾಗು ಕಡಲು ನೋಡಿದಳು. ಅವಳ ಸೋದರಮಾವ ಒಬ್ಬನಿದ್ದ. ತನ್ನ ಅಪ್ಪನ ಉಂಡೆಯ ಮುಂದೆ, ಮನೆಗೆ ಹೊಸ ಹೆಂಚು ಹೊದಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಇವತ್ತು ನಾಳೆ ಎಂದು ವರ್ಷ ದಾಟಿಸಿದ. ಗಾಳಿ ಇಲ್ಲದ ದಿನ, ದಂಡೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವನ ದೋಣಿ ಮಗುಚಿತು. ಈಜು ಬರುತ್ತಿತ್ತು. ದಂಡೆಗೆ ಬರಲಿಲ್ಲ.

ನಾಗು ಇದನ್ನು ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಳೆ ಬಂತು. ಎಲ್ಲರೂ ಒಳಗೆ ಹೋದರು.

ಪ್ರಕಾಶ ಎಂಥವನು ಎಂದು ಕೇಳಿದರೆ ಹೆಚ್ಚು ಹೇಳುವುದಿಲ್ಲ. ಗುತ್ತಿಗೆದಾರರ ಕೈಕೆಳಗೆ ಕರೆಂಟಿನ ಕೆಲಸ. ಕಾರವಾರದ ಹತ್ತಿರ ಅರ್ಗಾದ ನೌಕಾನೆಲೆಯಲ್ಲಿ ಕ್ವಾರ್ಟರ್ಸಿನ ವಾಯರಿಂಗು, ಫ್ಯಾನು, ಗೀಸರು. ಬಿಣಗಾದಲ್ಲಿ ಹೆದ್ದಾರಿ ಬದಿಯ ಸಾಲುಮನೆಯಲ್ಲಿ ಬಾಡಿಗೆಗೆ ಇದ್ದ. ಕುಡಿಯುತ್ತಿರಲಿಲ್ಲ. ಇಸ್ಪೀಟು ಮುಟ್ಟುತ್ತಿರಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಲು ನಾಚುತ್ತಿದ್ದ. ಸಾಯುವ ದಿನ ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಎದೆ ಹಿಡಿಯಿತು. ಸ್ಕೂಟರನ್ನು ಬದಿಗೆ ತಂದ. ಸ್ಟ್ಯಾಂಡು ಹಾಕಿದ. ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿದ. ಕಟ್ಟೆಯ ಮೇಲೆ ಕುಳಿತು ಸತ್ತ. ಯಾರಿಗೂ ತೊಂದರೆ ಕೊಡಲಿಲ್ಲ.

ಗೇಮಿನ ಡಬ್ಬಿ ಅವನಿಗೆ ಸಿಕ್ಕಿದ್ದು ಅರ್ಗಾದಲ್ಲೇ. ನೌಕಾಪಡೆಯ ಒಬ್ಬ ಸಾಹೇಬರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ವರ್ಗವಾದವರು ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು ಎಲ್ಲ ಮಾರಿ ಹೋಗುತ್ತಾರೆ. ಕೆಲಸದವರೆಲ್ಲ ಸೋಫಾ ಮುಟ್ಟಿ ನೋಡಿದರು. ಪ್ರಕಾಶ ಟಿವಿಯ ಕೆಳಗಿದ್ದ ಕರಿ ಡಬ್ಬಿ ನೋಡಿದ. ಅದನ್ನು ಮಳೆಕೋಟಿನಲ್ಲಿ ಸುತ್ತಿ, ಮಗು ತಂದ ಹಾಗೆ ಎದೆಗೆ ಅವಚಿಕೊಂಡು ಮನೆಗೆ ತಂದ.

"ಎಂತದು?" ಎಂದಳು ಮಂದಾಕಿನಿ.

"ಗೇಮು."

"ನಾವು ಸೋಫಾ ಇಲ್ದೇ ನೆಲದ ಮೇಲೆ ಕೂತ್ಕಂಬದು. ನಿಂಗೆ ಗೇಮು."

"ನೆಲದ ಮೇಲೆ ಕೂತೇ ಆಡೂದು" ಎಂದ ಅವನು. ಅವನ ಜೋಕುಗಳು ಇಷ್ಟೇ.

ಮಂದಾಕಿನಿ ಓದಿದ್ದು ಐದನೇ ತರಗತಿ. ಅವರ್ಸಾ ಊರಿನವಳು. ಮದುವೆಗೆ ಮುಂಚೆ ಶೆಡ್ಡಿನಲ್ಲಿ ಶೆಟ್ಲಿ, ಎಂದರೆ ಸಿಗಡಿ, ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಬಿಣಗಾಕ್ಕೆ ಬಂದ ಮೇಲೂ ಮನೆಯಲ್ಲೇ ಕುಳಿತು ಹೋಟೆಲಿನವರಿಗೆ ಸುಲಿದು ಕೊಡುತ್ತಿದ್ದಳು. ಅಪ್ಪ ಮಗಳು ಟಿವಿಯ ಮುಂದೆ ಆಡುವಾಗ ಅವಳು ಹಿಂದೆ ಬೋಗುಣಿ ಇಟ್ಟುಕೊಂಡು ಕೂರುವಳು. ಆಟಗಳ ಹೆಸರು ಅವಳ ನಾಲಿಗೆಗೆ ಬರುತ್ತಿರಲಿಲ್ಲ. ತಾನೇ ಇಟ್ಟಳು. ಕುದುರೆಯವ. ಹಿಮದ ಊರು. ಗುಂಡು ಹೊಡೆಯುವ ಅಜ್ಜ. ಮನೆಯಲ್ಲಿ ಅದೇ ಹೆಸರು ನಿಂತಿತು.

ವರ್ಷದ ಕೊನೆಯ ಭಾನುವಾರ ಅವರಲ್ಲಿ ಒಂದು ಪದ್ಧತಿ ಇತ್ತು. ಆ ವರ್ಷ ಬಂದ ಆಟಗಳಲ್ಲಿ ಬೆಸ್ಟು ಯಾವುದು ಎಂದು ತೀರ್ಮಾನ ಮಾಡುವುದು. ಪ್ರಕಾಶನಿಗೆ ಒಂದು ಮತ, ದೀಕ್ಷಾಗೆ ಒಂದು, ಮಂದಾಕಿನಿಗೆ ಒಂದು. ಅಪ್ಪ ಮಗಳು ಒಂದೇ ಆಟ ಹೇಳುವುದು ಅಪರೂಪ. ಹಾಗಾಗಿ ಮಂದಾಕಿನಿ ಹೇಳಿದ್ದೇ ಗೆಲ್ಲುತ್ತಿತ್ತು. ಇಬ್ಬರೂ ಹಿಂದಿನ ದಿನದಿಂದಲೇ ಅವಳಿಗೆ ಚಹಾ ಮಾಡಿಕೊಡುವರು.

"ಆಯಿ, ಹಿಮದ ಊರಿನ ಗ್ರಾಫಿಕ್ಸ್ ನೋಡು" ಎಂದು ಮಗಳು.

"ಮಂದಾ, ಕುದುರೆಯವನ ಕತೆ ನೋಡು" ಎಂದು ಗಂಡ.

"ನಿಮ್ಮ ಗ್ರಾಫಿಕ್ಸೂ ಬೇಡ, ಕತೆಯೂ ಬೇಡ. ಯಾವುದು ನೋಡಿ ನನ್ನ ಕೈ ನಿಂತಿತೋ ಅದು ಬೆಸ್ಟು."

ಒಂದು ವರ್ಷ ಅವಳ ಕೈ ಪೂರ್ತಿ ನಿಂತಿತು. ಮುಳುಗಿದ ಊರೊಂದರಲ್ಲಿ ಒಬ್ಬಳು ದೀಪ ಹಿಡಿದು ಮನೆ ಮನೆ ಹುಡುಕುತ್ತ ಹೋಗುವ ಆಟ. ಯಾರನ್ನು ಹುಡುಕುತ್ತಾಳೆ ಎಂದು ಆಟ ಹೇಳುವುದಿಲ್ಲ. ಕೊನೆಗೆ ಒಂದು ಬಾಗಿಲ ಮುಂದೆ ನಿಲ್ಲುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಆ ಸಲ ಮೂವರೂ ಒಂದೇ ಹೆಸರು ಹೇಳಿದರು. ದೀಪದವಳು.

ಎರಡನೇ ಆಟ ಬರುತ್ತದೆ ಎಂದು ಕಂಪನಿಯವರು ಹೇಳಿದರು. ಪ್ರಕಾಶ ವರ್ಷಗಟ್ಟಲೆ ಕಾದ. "ಅದು ಬಂದ ವರ್ಷ ಬೇರೆ ಆಟಕ್ಕೆ ಮತ ಹಾಕೂದೇ ಬೇಡ. ಬರೂಕಿಂತ ಮೊದಲೇ ಹೇಳ್ತೆ, ಅದೇ ಬೆಸ್ಟು" ಎನ್ನುತ್ತಿದ್ದ. ಮನೆ ಕಟ್ಟುವ ಆಸೆ ಅವನಿಗೆ ಇತ್ತೋ ಇಲ್ಲವೋ. ಬಾಗಿಲಿನ ಆಚೆ ಏನಿದೆ ಎಂದು ನೋಡುವ ಆಸೆ ಇತ್ತು. ಕಾಗೆಗೆ ಗೊತ್ತಿತ್ತು.

ಹನ್ನೊಂದು ಮುಗಿಸಿ ಬಿಣಗಾಕ್ಕೆ ಮರಳಿದರು. ನಾಗು ಕೇಣಿಯ ಮನೆಯನ್ನು ಕಿರಿಮಗ ಸಂಕೇತನಿಗೆ ಬಿಟ್ಟು ಸೊಸೆಯ ಜೊತೆ ಬಂದಳು. ಕೆಲವೇ ದಿನಕ್ಕೆ ಮೊದಲ ಸೂಚನೆ ಬಂತು.

ದೀಕ್ಷಾ ಕಾಲೇಜಿನಿಂದ ಬಂದು ಬಸ್ಸಿನಿಂದ ಇಳಿದಳು. ಗುಡ್ಡ ಕಡಿದು ರಸ್ತೆ ಮಾಡಿದ ಜಾಗ. ನಾಲ್ಕು ಹೆಜ್ಜೆ ಹಾಕಿದಳೋ ಇಲ್ಲವೋ, ಹಿಂದೆ ಧೊಪ್ಪೆಂದಿತು. ಅನ್ನದ ಚರಿಗೆಯಷ್ಟು ದೊಡ್ಡ ಕಲ್ಲು, ಅವಳು ಇಳಿದ ಜಾಗದಲ್ಲೇ ಬಿದ್ದಿತ್ತು.

ಮಳೆಗೆ ಕಲ್ಲು ಬೀಳುತ್ತದೆ. ಆ ವರ್ಷ ಎಲ್ಲ ಕಡೆ ಬಿದ್ದಿದೆ. ಮಂದಾಕಿನಿ ತನಗೆ ತಾನೇ ಹಾಗೆ ಹೇಳಿಕೊಂಡಳು. ಆದರೆ ಮಾರನೇ ದಿನದಿಂದ ಮಗಳನ್ನು ಬಸ್ಸಿಗೆ ಹತ್ತಿಸಲು ತಾನೇ ಹೋದಳು. ಸಂಜೆ ಇಳಿಸಿಕೊಳ್ಳಲೂ ಹೋದಳು. ಬಸ್ಸು ಬರುವವರೆಗೆ ಗುಡ್ಡದ ನೆತ್ತಿ ನೋಡುತ್ತ ನಿಲ್ಲುವಳು.

ಡಿಸೆಂಬರು ಹತ್ತಿರ ಬಂತು. ಒಂದು ದಿನ ದೀಕ್ಷಾ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮುಖ ಬಿಳುಚಿತ್ತು.

"ಮುಂದಕ್ಕೆ ಹಾಕಿದ್ರಂತೆ. ಮಾರ್ಚಿಗೆ."

"ಯಾರು ಹಾಕಿದ್ದು?" ಎಂದಳು ನಾಗು.

"ಕಂಪನಿಯವ್ರು ಅಜ್ಜಿ. ಕೆಲಸ ಪೂರ್ತಿ ಆಗ್ಲಿಲ್ವಂತೆ."

"ಎಲ್ಲಿ ಆ ಕಂಪನಿ? ಗೋವಾದಲ್ಲಾ?"

"ಇಲ್ಲ ಅಜ್ಜಿ, ಫಾರಿನ್ನು."

"ಒಂದು ಫೋನ್ ಮಾಡೂಕೆ ಆಗೂದಿಲ್ವಾ? ಹಿಂಗಿಂಗೆ, ಮನಿಲಿ ಸಾವಾಗಿದೆ, ವರ್ಷಾಂತಿಕದ ಒಳಗೆ ಬೇಕು ಅಂತ ಹೇಳು. ಅವ್ರೂ ಅಪ್ಪ ಅಮ್ಮನ ಹೊಟ್ಟೇಲಿ ಹುಟ್ಟಿದವ್ರೇ ಅಲ್ವಾ?"

ದೀಕ್ಷಾ ನಗಲು ನೋಡಿದಳು. ಬಾಯಿ ಅರ್ಧಕ್ಕೇ ನಿಂತಿತು.

ಅದೇ ವಾರ ಸಂಕೇತನ ಬೈಕಿನ ಹಿಂದೆ ಕುಳಿತು ಕಾರವಾರದ ಪೇಟೆಗೆ ಹೋಗುತ್ತಿದ್ದಾಗ ಅವಳ ವೇಲು ಚಕ್ರಕ್ಕೆ ಸಿಕ್ಕಿತು. ಕುತ್ತಿಗೆಯನ್ನು ಹಿಂದಕ್ಕೆ ಎಳೆಯಿತು. ಹಳೇ ವೇಲು, ಹರಿಯಿತು, ಬದುಕಿದಳು. ಕೊರಳ ಸುತ್ತ ಕೆಂಪು ಗೆರೆ ಮೂಡಿತ್ತು, ಹಗ್ಗ ಬಿಗಿದ ಹಾಗೆ. ಸಂಕೇತ ಬಾಗಿಲಲ್ಲಿ ನಿಂತು ಗಂಡಸು ಅಳಬಾರದ ಹಾಗೆ ಅತ್ತ.

"ನಾ ನಿಧಾನಕ್ಕೇ ಹೋಗ್ತಿದ್ದೆ ವೈನಿ. ದೇವರಾಣೆ. ಯಾರೋ ಹಿಂದಿಂದ ಎಳ್ದಾಂಗಾಯ್ತು."

ನಾಗು ಅಂದಿನಿಂದ ಗೇಮಿನ ಡಬ್ಬಿಗೆ ಎಡೆ ಇಡತೊಡಗಿದಳು. ಅಮಾವಾಸ್ಯೆಗೆ ಹುರಿದ ಬಂಗಡೆ, ಅನ್ನ, ಒಂದು ಲೋಟ ನೀರು. ಡಬ್ಬಿಯಲ್ಲಿ ಒಂದು ಕೇಸರಿ ದೀಪ ಇತ್ತು. ಆಫ್ ಮಾಡಿದರೂ ಮೆಲ್ಲಗೆ ಹೊತ್ತುವುದು, ಮೆಲ್ಲಗೆ ಆರುವುದು.

"ಉಸಿರಾಡ್ತಾ" ಎಂದಳು ನಾಗು.

"ಅದು ಸ್ಟ್ಯಾಂಡ್‌ಬೈ ಅಜ್ಜಿ" ಎಂದಳು ದೀಕ್ಷಾ.

"ಅದೇ ನಾನೂ ಹೇಳೂದು. ಬದಿಗೆ ನಿಂತಿದ್ದಾ."

ಮಂದಾಕಿನಿ ಡಬ್ಬಿಯ ಮೇಲೆ ಬಟ್ಟೆ ಹೊದಿಸಿದಳು. ಬಟ್ಟೆಯ ಒಳಗೂ ದೀಪ ಹೊತ್ತಿ ಆರುತ್ತಿತ್ತು.

ಮಾರ್ಚ್ ಬಂತು, ಎರಡನೇ ಸಲ ಮುಂದಕ್ಕೆ ಹಾಕಿದರು. ಈ ಸಲ ಮಳೆಗಾಲ ಕಳೆದ ಮೇಲೆ ಎಂದರು. ವರ್ಷಾಂತಿಕ ಶ್ರಾವಣದಲ್ಲಿ. ಇನ್ನು ಯಾವ ಲೆಕ್ಕದಲ್ಲೂ ಮಾತು ತೀರುವಂತಿರಲಿಲ್ಲ. ನಾಗು ಊಟ ಬಿಟ್ಟು ಕುಳಿತಳು. ಆ ಅಮಾವಾಸ್ಯೆಯ ಎಡೆಗೆ ದೊಡ್ಡ ಚೊಂಬಿನಲ್ಲಿ ನೀರು ಇಟ್ಟಳು, ಅವನಿಗೆ ಬಾಯಾರಿಕೆ ಹೆಚ್ಚಾಗಿದೆ ಎಂದು. ಬೆಕ್ಕೋ, ಗಾಳಿಯೋ, ಚೊಂಬು ಉರುಳಿತು. ನೀರು ನೆಲದ ಮೇಲಿದ್ದ ಕರೆಂಟಿನ ಪೆಟ್ಟಿಗೆಗೆ ಹೋಯಿತು. ದೀಕ್ಷಾ ಬರಿಗಾಲಲ್ಲಿ ಬಂದು ಪ್ಲಗ್ಗು ಮುಟ್ಟಿದಳು.

ಮಂದಾಕಿನಿ ಕೇಳಿದ್ದು ಒಂದು ಸದ್ದು ಮಾತ್ರ, ಒಣಗಿದ ತೆಂಗಿನ ಮಡಲು ಬಿದ್ದಂತೆ. ಓಡಿ ಬಂದಳು. ಮಗಳು ಗೋಡೆಯ ಬುಡದಲ್ಲಿ ಬಿದ್ದಿದ್ದಳು. ಕಣ್ಣು ತೆರೆದಿತ್ತು, ಏನೂ ನೋಡುತ್ತಿರಲಿಲ್ಲ. ಮಂದಾಕಿನಿ ಒನಕೆಯಿಂದ ಪ್ಲಗ್ಗಿನ ವಾಯರು ಹೊಡೆದು ಕಿತ್ತಳು. ಮಗಳ ಕೆನ್ನೆಗೆ ಬಡಿದಳು. ಒಂದು ಸಲ, ಇನ್ನೊಂದು ಸಲ. ಆಮೇಲೆ ಉಸಿರು ಬಂತು.

ಊರಿಗೆಲ್ಲ ವಾಯರಿಂಗು ಮಾಡಿದವನ ಮನೆ. ಅವನ ಮಗಳಿಗೇ ಕರೆಂಟು ಹೊಡೆಯಿತು.

ಆಸ್ಪತ್ರೆಯಿಂದ ಬಂದ ಮೇಲೆ ನಾಗು ಮೂಲೆಯಲ್ಲಿ ಕುಳಿತು ತಲೆ ಚಚ್ಚಿಕೊಂಡಳು. "ನಾನೇ ಇಟ್ಟ ನೀರು. ನಾನೇ." ಮಂದಾಕಿನಿ ಅವಳನ್ನು ಬೈಯಲಿಲ್ಲ. ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು.

"ಅತ್ತೆ, ಒಬ್ಬರು ಕೊಟ್ಟ ಮಾತು ಇನ್ನೊಬ್ಬರು ಎತ್ಕಂಬೂಕೆ ಆಗ್ತದ್ಯಾ?"

ನಾಗು ಅಳು ನಿಲ್ಲಿಸಿದಳು. "ಆಗ್ತದೆ. ರಕ್ತ ಹಂಚ್ಕಂಡವರು, ಹಾಸಿಗೆ ಹಂಚ್ಕಂಡವರು ಎತ್ಕಂಬಹುದು. ವರ್ಷಾಂತಿಕದ ದಿನ ಅನ್ನದ ಮುಂದೆ ಹೇಳ್ಬೇಕು, ಹೇಳಿದ್ರೆ ಇನ್ನೊಂದು ವರ್ಷ ಸಿಗ್ತದೆ. ಆದ್ರೆ ಎತ್ಕಂಡವರು ತಮ್ಮ ಕೈಯಾರೆ ತೀರಿಸ್ಬೇಕು. ಬೇರೆಯವ್ರಿಗೆ ದಾಟ್ಸೂಕಾಗೂದಿಲ್ಲ."

"ನಾ ಎತ್ಕಂತೆ."

"ನೀನಾ? ನಿಂಗೆ ಟಿವಿ ಹಚ್ಚೂಕೇ ಬರೂದಿಲ್ಲ."

"ಕಲೀತೆ."

"ಆಮೇಲೆ ನಿನ್ನ ಹಿಂದೆ ನಡೀತಾ ಮಂದಾ. ತೀರದಿದ್ರೆ ನಿನ್ನ ಕರೀತಾ."

"ನಡೀಲಿ" ಎಂದಳು ಮಂದಾಕಿನಿ. "ಅದು ಸಣ್ಣ ಹುಡುಗಿ."

ಮಾರನೇ ದಿನ ಮಧ್ಯಾಹ್ನ ಶೆಟ್ಲಿ ಸುಲಿದ ಕೈ ತೊಳೆದು ಟಿವಿಯ ಮುಂದೆ ಕುಳಿತಳು. ದೀಕ್ಷಾ ಗೇಮಿನ ರಿಮೋಟನ್ನು ಅವಳ ಎರಡೂ ಕೈಗೆ ಕೊಟ್ಟಳು. ದೀಪದವಳ ಮೊದಲ ಆಟ ಹಚ್ಚಿದಳು. ಮಂದಾಕಿನಿ ಒತ್ತಿದಳು. ದೀಪದವಳು ಗೋಡೆಗೆ ಹಣೆ ಹಚ್ಚಿ ನಡೆಯುತ್ತಲೇ ಇದ್ದಳು.

"ಆಯಿ, ತಿರುಗು. ಬಲಗೈ ಹೆಬ್ಬೆಟ್ಟು."

"ಒತ್ತಿದ್ನಲೇ."

"ಅದು ಎಡಗೈ."

"ಎರಡು ಕೈಗೆ ಎರಡು ಕೆಲಸ ಕೊಟ್ರೆ ಹೆಂಗೆ? ಇದೆಂತಾ ಭತ್ತ ಕುಟ್ಟೂದಾ?"

"ಶೆಟ್ಲಿ ಸುಲೀತೆ ಅಲ್ಲಾ? ಒಂದು ಕೈ ಹಿಡೀತದೆ, ಇನ್ನೊಂದು ಕೈ ಸಿಪ್ಪೆ ತೆಗೀತದೆ. ಹಾಗೇ."

ಆಮೇಲೆ ಬಂತು. ಬೇಗ ಬರಲಿಲ್ಲ, ಆದರೆ ಬಂತು. ದೀಪದವಳು ನೀರಿಗೆ ಬಿದ್ದು ಸತ್ತಳು, ಎದ್ದಳು. ಮೆಟ್ಟಿಲಿನಿಂದ ಬಿದ್ದು ಸತ್ತಳು, ಎದ್ದಳು. ಎಷ್ಟು ಸಲ ಸತ್ತರೂ ಅದೇ ಜಾಗದಲ್ಲಿ ಎದ್ದು ನಿಲ್ಲುತ್ತಿದ್ದಳು. ಮಂದಾಕಿನಿಗೆ ಹೊಟ್ಟೆ ಉರಿಯಿತು. ಪಕ್ಕದ ಮನೆಯ ಸುಗಂಧಾ ಕಿಟಕಿಯಲ್ಲಿ ಇಣುಕಿ, "ಎಂತಾ ಮಂದಾಬಾಯಿ, ಸಣ್ಣ ಮಗು ಆದ್ಯಾ?" ಎಂದು ಕೇಳಿದಳು. "ಹೌದು. ಹಾಲು ಕುಡಿಸ್ತ್ಯಾ?" ಎಂದಳು ಮಂದಾಕಿನಿ, ತಿರುಗಿ ನೋಡದೆ. ಸುಗಂಧಾ ಮತ್ತೆ ಇಣುಕಲಿಲ್ಲ. ಮಳೆ ಬರುವುದರೊಳಗೆ ಮೊದಲ ಆಟ ಮುಗಿಯಿತು.

ಶ್ರಾವಣದಲ್ಲಿ ಕೇಣಿಗೆ ಹೋದರು. ಮತ್ತೆ ಬಾಳೆಲೆ, ಮತ್ತೆ ಅನ್ನ. ಮಂದಾಕಿನಿ ಮಗಳನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ನಿಂತಳು.

"ದೀಕ್ಷಾ ಕೊಟ್ಟ ಮಾತು ನಾ ಎತ್ಕಂಡೆ. ಆಟ ಇನ್ನೂ ಬರ್ಲಿಲ್ಲ, ಅದು ಅವಳ ತಪ್ಪಲ್ಲ. ಬಂದಾಗ ನಾ ಮುಗಿಸ್ತೆ. ಅವಳ್ನ ಬಿಡು. ನನ್ನ ಹಿಂದೆ..."

ಮಾತು ಮುಗಿಯುವ ಮೊದಲೇ ಕಾಗೆ ಇಳಿದಿತ್ತು. ಎಲೆಯ ಮೇಲೆ ಅಲ್ಲ, ಅವಳ ಪಾದದ ಹತ್ತಿರ. ಅಲ್ಲಿಂದ ಎರಡು ಸಲ ಕುಪ್ಪಳಿಸಿ ಎಲೆಗೆ ಹೋಯಿತು. ಈ ಸಲ ಯಾರೂ ನಗಲಿಲ್ಲ.

ಅಂದಿನಿಂದ ದೀಕ್ಷಾಗೆ ಏನೂ ಆಗಲಿಲ್ಲ. ನೆಗಡಿಯೂ ಬರಲಿಲ್ಲ.

ಮಂದಾಕಿನಿಯ ಹಿಂದೆ ನಡಿಗೆ ಶುರುವಾಯಿತು. ಬಾವಿಯಿಂದ ಕೊಡ ಹೊತ್ತು ಬರುವಾಗ, ಮೀನು ಪೇಟೆಯಿಂದ ಬರುವಾಗ, ಅವಳ ಚಪ್ಪಲಿಯ ಸದ್ದಿನ ಬೆನ್ನಿಗೆ ಇನ್ನೊಂದು ಸದ್ದು. ಅವಳು ನಿಂತರೆ ನಿಲ್ಲುವುದು. ಒಂದು ದಿನ ಹೆದ್ದಾರಿ ದಾಟುವಾಗ ಲಾರಿ ಅವಳ ಸೆರಗನ್ನು ಸವರಿಕೊಂಡು ಹೋಯಿತು. ಒಂದು ದಿನ ಬಾವಿಯ ಹಗ್ಗ ಹರಿದು, ಕಟ್ಟೆಗೆ ಹೊಟ್ಟೆ ಕೊಟ್ಟು ನಿಂತು ಉಳಿದಳು. ಕಟ್ಟೆಯ ಕೆಳಗೆ ನೀರು ಕಪ್ಪಗಿತ್ತು. ಅವಳು ಹೆದರಿದಳು. ಆದರೆ ಮನೆಗೆ ಬಂದು ಒಲೆ ಹೊತ್ತಿಸುವಾಗ ಇನ್ನೊಂದು ವಿಷಯ ತಿಳಿಯಿತು. ಅವಳ ಬೆನ್ನು ತಣ್ಣಗಿರಲಿಲ್ಲ. ಅವನು ಸತ್ತ ಮೇಲೆ ಆ ಬೆನ್ನು ಯಾವಾಗಲೂ ತಣ್ಣಗಿರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಎರಡನೇ ಆಟ ನಿಜವಾಗಿ ಬಂತು. ಸಂಕೇತ ನೆಟ್ಟು ಹಾಕಿಸಿ ಇಳಿಸಿಕೊಟ್ಟ. ದೀಕ್ಷಾ ಸಂತೋಷದಿಂದ ಅತ್ತಳು. ನಾಗು ಟಿವಿಗೆ ಕೈ ಮುಗಿದಳು. ಮಂದಾಕಿನಿ ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆಡಿದಳು. ಯಾರನ್ನೂ ಒಳಗೆ ಬಿಡಲಿಲ್ಲ. ಅವಳ ಹಿಂದೆ ಗೋಡೆಯ ಬದಿಗೆ, ಮಗಳು ಆಡುವಾಗ ಪ್ರಕಾಶ ಕೂತು ನೋಡುತ್ತಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಆಡುವಾಗ ಅದು ಕಿರ್ರೆನ್ನುತ್ತಿತ್ತು, ಭಾರ ಬಿದ್ದಾಗ ಎನ್ನುವ ಹಾಗೆ. ದೀಪದವಳು ದಾರಿ ತಪ್ಪಿದರೆ ಹೆಚ್ಚು ಕಿರ್ರೆನ್ನುತ್ತಿತ್ತು.

"ಸುಮ್ಮನೆ ಕೂತ್ಕೋ" ಎನ್ನುವಳು ಮಂದಾಕಿನಿ. "ನಾ ಕಂಡ್ಕಂತೆ."

ಹೀಗೆ ಆಡಿ ಆಡಿ ಕೊನೆಯ ಬಾಗಿಲಿಗೆ ಬಂದಳು. ಒಂದು ಗುಂಡಿ ಒತ್ತಿದರೆ ತೆರೆಯುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ಅವಳು ಒತ್ತಲಿಲ್ಲ. ಅಲ್ಲೇ ಬಿಟ್ಟು ಎದ್ದಳು. ಮಾರನೇ ದಿನ ಮತ್ತೆ ಬಂದು ಬಾಗಿಲ ಮುಂದೆ ಕುಳಿತಳು. ಒತ್ತಲಿಲ್ಲ. ದೀಪದವಳು ದೀಪ ಹಿಡಿದು ನಿಂತೇ ಇದ್ದಳು. ಹಿಂದೆ ಕುರ್ಚಿ ಕಿರ್ರೆನ್ನುತ್ತಿತ್ತು.

ಬಾಗಿಲು ತೆರೆದರೆ ಮಾತು ತೀರಿತು. ಮಾತು ತೀರಿದರೆ ಅವನು ಹೋದ.

ಅವಳು ಸೊರಗಿದಳು. ತಟ್ಟೆಗೆ ಇಬ್ಬರ ಅನ್ನ ಬಡಿಸಿಕೊಂಡು ಅರ್ಧವನ್ನೂ ತಿನ್ನಳು. ಶೆಟ್ಲಿ ಸುಲಿಯುವಾಗ ಬೆರಳು ಕೊಯ್ದುಕೊಂಡಳು. ಎಂದೂ ಕೊಯ್ದುಕೊಂಡವಳಲ್ಲ. ಗಾಯ ಮಾಯಲಿಲ್ಲ, ಕೀವು ಬಂತು. ನಾಗು ಆ ಬೆರಳನ್ನೇ ನೋಡುತ್ತಿದ್ದಳು.

"ಮಂದಾ, ಆಟ ಎಲ್ಲಿಗೆ ಬಂತು?"

"ಇನ್ನೂ ಇದೆ."

"ಇನ್ನೂ ಇದ್ಯೋ, ನೀ ಹಿಡ್ದು ಇಟ್ಕಂಡಿದ್ಯೋ?"

ಮಂದಾಕಿನಿ ಎದ್ದು ಹೊರಗೆ ಹೋದಳು.

"ಅಂವ ನನ್ನ ಹೊಟ್ಟೇಲಿ ಹುಟ್ಟಿದವ" ಎಂದು ನಾಗು ಒಳಗಿನಿಂದ ಕೂಗಿದಳು. "ನಂಗೂ ಬೇಕಿತ್ತು. ಆದ್ರೆ ಹಿಂಗೆ ನಿಂತವ್ರು ಅವ್ರೇ ಇರೂದಿಲ್ಲ. ಹಸಿದು ಹಸಿದು ಬೇರೆ ಆಗ್ತ್ರು. ಆಮೇಲೆ ಯಾರು ಸಿಕ್ಕಿದ್ರೆ ಅವರ್ನ ಹಿಡೀತ್ರು. ಮನೀಲಿ ಹುಡುಗಿ ಇದೆ!"

ವರ್ಷದ ಕೊನೆಯ ಭಾನುವಾರ ಬಂತು. ಬೆಳಿಗ್ಗೆಯೇ ದೀಕ್ಷಾ ಮೊಬೈಲ್ ತೋರಿಸಿದಳು. ಎಲ್ಲ ಕಡೆಯ ಜನ ಈ ವರ್ಷದ ಬೆಸ್ಟು ಆಟ ಯಾವುದು ಎಂದು ಹೇಳಿದ್ದರು. ಹೆಚ್ಚಿನವರು ಹೇಳಿದ್ದು ದೀಪದವಳ ಎರಡನೇ ಆಟ.

"ಅಪ್ಪ ಮೊದ್ಲೇ ಹೇಳಿದ್ದ ಆಯಿ. ನಮ್ಮನೇಲಿ ನಿನ್ನ ಮತ ಒಂದೇ ಬಾಕಿ. ಇವತ್ತು ಮುಗ್ಸು."

"ಆ ಬಾಗಿಲು ನಂಗೆ ಬರೂದಿಲ್ಲ."

"ಒಂದು ಗುಂಡಿ ಅಂತೆ. ನಾನು ಓದಿದ್ದೆ."

"ಬರೂದಿಲ್ಲ ಅಂದ್ನಲ್ಲ!"

ಮಂದಾಕಿನಿ ಬುಟ್ಟಿ ಹಿಡಿದು ಮೀನಿಗೆ ಹೋದಳು. ಪೇಟೆಯಲ್ಲಿ ಬಂಗಡೆ ಆರಿಸುತ್ತಿದ್ದಾಗ ಅವಳಿಗೆ ಏನೋ ಕಡಿಮೆಯಾದಂತಾಯಿತು. ಬೆನ್ನು ತಣ್ಣಗಿತ್ತು. ಬರುವಾಗ ಹಿಂದೆ ಸದ್ದು ಬಂದಿತ್ತೇ ಎಂದು ನೆನಪು ಮಾಡಿಕೊಂಡಳು. ಬಂದಿರಲಿಲ್ಲ. ಅವನು ಇವತ್ತು ಅವಳ ಜೊತೆ ಹೊರಟೇ ಇರಲಿಲ್ಲ. ಮನೆಯಲ್ಲಿ ಉಳಿದಿದ್ದ.

ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ರಿಕ್ಷಾ ಹತ್ತಿ ಮನೆಯ ದಿಕ್ಕಿಗೆ ಕೈ ತೋರಿಸಿದಳು.

ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. ದೂಡಿದಳು. ದೀಕ್ಷಾ ಟಿವಿಯ ಮುಂದೆ ನೆಲದ ಮೇಲೆ ಕುಳಿತಿದ್ದಳು. ಕೈಯಲ್ಲಿ ರಿಮೋಟು. ಪರದೆಯ ಮೇಲೆ ಅದೇ ಬಾಗಿಲು. ಗೋಡೆಯ ಬದಿಗಿದ್ದ ಕೆಂಪು ಕುರ್ಚಿ ಈಗ ಮಗಳ ಬೆನ್ನಿಗೆ ತಾಗಿಕೊಂಡಿತ್ತು. ಎಷ್ಟು ಹತ್ತಿರ ಎಂದರೆ, ಅದರಲ್ಲಿ ಕುಳಿತವರ ಮೊಣಕಾಲು ಅವಳ ಎರಡು ಹೆಗಲಿಗೂ ತಾಗುವಷ್ಟು.

"ಕುರ್ಚಿ ಯಾರು ಎಳ್ದದ್ದು?"

"ಯಾವ ಕುರ್ಚಿ?" ಎಂದಳು ದೀಕ್ಷಾ. ತಿರುಗಲಿಲ್ಲ. ಹೆಬ್ಬೆಟ್ಟು ಗುಂಡಿಯ ಮೇಲಿತ್ತು. "ಆಯಿ, ನೀ ಸಾಯ್ತಿದ್ದೆ. ನಾ ಕೊಟ್ಟ ಮಾತು, ನಾನೇ ತೀರಿಸ್ತೆ."

ಮಂದಾಕಿನಿ ಎರಡು ಹೆಜ್ಜೆಯಲ್ಲಿ ಹೋಗಿ ರಿಮೋಟು ಕಿತ್ತುಕೊಂಡಳು. ಕಾಲಿನಿಂದ ಕುರ್ಚಿಯನ್ನು ದೂರ ಒದ್ದಳು. ಅದು ಹಗುರ ಇರಬೇಕಿತ್ತು. ಇರಲಿಲ್ಲ. ಅವಳ ಕಾಲು ನೊಂದಿತು. ಮಗಳನ್ನು ಬೆನ್ನ ಹಿಂದೆ ದೂಡಿ, ನಿಂತಲ್ಲೇ, ಕೀವಾದ ಬೆರಳಿನಿಂದಲೇ ಗುಂಡಿ ಒತ್ತಿದಳು.

ಬಾಗಿಲು ತೆರೆಯಿತು.

ಒಳಗೆ ಒಂದು ಸಣ್ಣ ಕೋಣೆ. ಮಂಚ, ಮಡಚಿಟ್ಟ ಚಾದರ, ಗೂಟಕ್ಕೆ ಸಿಕ್ಕಿಸಿದ ಅಂಗಿ. ಯಾರೂ ಇರಲಿಲ್ಲ. ದೀಪದವಳು ಕೋಣೆಯನ್ನು ಒಂದು ಸಲ ಸುತ್ತಿ ನೋಡಿದಳು. ದೀಪವನ್ನು ಕಿಟಕಿಯಲ್ಲಿ ಇಟ್ಟಳು. ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಕತ್ತಲೆಯಲ್ಲಿ ಬರಿಗೈಯಲ್ಲಿ ನಡೆದು ಹೋದಳು.

ಆಮೇಲೆ ಹೆಸರುಗಳು ಬಂದವು, ಕೆಳಗಿನಿಂದ ಮೇಲಕ್ಕೆ, ಮುಗಿಯದಷ್ಟು ಹೆಸರು. ನಾಗು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು.

"ಇವ್ರೆಲ್ಲ ಯಾರು?"

"ಆಟ ಮಾಡಿದವ್ರು ಅಜ್ಜಿ" ಎಂದಳು ದೀಕ್ಷಾ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಇಷ್ಟು ಜನವಾ? ಇಷ್ಟು ಜನ ಸೇರಿ ಒಂದು ವರ್ಷಾಂತಿಕಕ್ಕೆ ಮುಟ್ಟಿಸ್ಲಿಲ್ಲ" ಎಂದಳು ನಾಗು. ಆಮೇಲೆ ನೆಲಕ್ಕೆ ಕುಸಿದು ಮಗನ ಹೆಸರು ಹಿಡಿದು ಅತ್ತಳು. ಹನ್ನೊಂದರಂದು ಅಳದ ಅಳು ಅದು.

ಮಂದಾಕಿನಿ ಕುರ್ಚಿಯನ್ನು ಎತ್ತಿದಳು. ಒಂದು ಬೆರಳಿಗೆ ಬಂತು. ಹೊರಗೆ ಜಗಲಿಯಲ್ಲಿ ಇಟ್ಟಳು.

ಬೆರಳು ಆ ವಾರ ಮಾಯಿತು. ರಜೆ ಮುಗಿದು ದೀಕ್ಷಾ ಕಾಲೇಜಿಗೆ ಹೊರಟ ದಿನ ಮಂದಾಕಿನಿ ಬಸ್ಸಿನವರೆಗೆ ಹೋಗಲಿಲ್ಲ. "ನೀನೇ ಹೋಗು" ಎಂದಳು. ಹುಡುಗಿ ಗುಡ್ಡದ ಬುಡದಲ್ಲಿ ಒಬ್ಬಳೇ ನಡೆದು ಹೋದಳು. ಏನೂ ಆಗಲಿಲ್ಲ.

ಮಂದಾಕಿನಿ ಬಾವಿಗೆ ಹೋಗಿ ನೀರು ಸೇದಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಹೊರಟಳು. ಚಪ್ಪಲಿಯ ಸದ್ದು ಒಂದೇ ಇತ್ತು. ಅರ್ಧ ದಾರಿಗೆ ಬಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ತಿರುಗಿದಳು. ಕೊಡದ ನೀರು ತುಳುಕಿ ಸೀರೆ ಒದ್ದೆಯಾಯಿತು.